ದೊಡ್ಡಪ್ಪನ ಯಾಶಿಕಾ ರಿಪೇರಿ ಮಾಡಿಸಲಾ, ಬೇರೆ ರೀಲ್ ಕ್ಯಾಮೆರಾ ಕೊಳ್ಳಲಾ? ಅನುಭವ ಇದ್ದವರು ಹೇಳಿ

ಶಿಡ್ಲಘಟ್ಟದಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಬೀರು ಖಾಲಿ ಮಾಡುವಾಗ ಒಂದು ಯಾಶಿಕಾ ಎಲೆಕ್ಟ್ರೋ 35 ಸಿಕ್ಕಿತು. ದೊಡ್ಡಮ್ಮ ಅದನ್ನು ನನಗೆ ಕೊಟ್ಟರು. ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆದು ಬಟನ್ ಒತ್ತಿದರೆ ಸಣ್ಣಗೆ ಟಿಕ್ ಎನ್ನುತ್ತದೆ. ಆದರೆ ದೀಪ ಒಂದೂ ಹತ್ತುವುದಿಲ್ಲ. ಒಳಗೆ ಇನ್ನೂ ರೋಲ್ ಇರುವ ಹಾಗಿದೆ, ನಂಬರ್ ತೋರಿಸುವ ಕಿಂಡಿಯಲ್ಲಿ 22 ಕಾಣುತ್ತಿದೆ. ಒಂದು ಸ್ಟುಡಿಯೋದಲ್ಲಿ ಕೇಳಿದರೆ "ಇದರ ಸೆಲ್ ಈಗ ಬರಲ್ಲ, ಶೋಕೇಸಲ್ಲಿ ಇಡಿ" ಅಂದರು.

ನಮ್ಮೂರಿನ ರೇಷ್ಮೆ ಗೂಡಿನ ಮಾರುಕಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ನೂಲು ತೆಗೆಯುವ ಮನೆಗಳು, ಇವನ್ನೆಲ್ಲ ಫಿಲ್ಮಿನಲ್ಲಿ ತೆಗೆಯಬೇಕು ಅಂತ ಬಹಳ ದಿನದ ಆಸೆ. ಈ ಯಾಶಿಕಾ ರಿಪೇರಿ ಮಾಡಿಸಲಾ? ಇಲ್ಲಾ, ಆನ್‌ಲೈನಲ್ಲಿ ನೋಡಿಟ್ಟಿರುವ ಪೆಂಟ್ಯಾಕ್ಸ್ ಕೆ1000 ಕೊಳ್ಳಲಾ? ಒಳಗಿರುವುದು 36ರ ರೋಲ್ ಆಗಿದ್ದರೆ ಉಳಿದ 14 ಫೋಟೋ ನಾನು ತೆಗೆಯಬಹುದಾ?

ಚಿಂತಾಮಣಿಯಿಂದ

ನೋಡಮ್ಮ, ಮೊದಲು ಆ ಲಿವರ್ ಎಳೆಯುವುದನ್ನು ನಿಲ್ಲಿಸು. ಹಿಂದಿನ ಬಾಗಿಲಂತೂ ತೆಗೆಯಲೇಬೇಡ. ನಾನು ಸ್ಟುಡಿಯೋ ಇಟ್ಟುಕೊಂಡಿದ್ದವನು. ಒಮ್ಮೆ ಮದುವೆ ಮನೆಯಲ್ಲಿ ರೋಲ್ ಸುತ್ತಿದ್ದೇನೆ ಅಂದುಕೊಂಡು ಬಾಗಿಲು ತೆಗೆದೆ. ಧಾರೆಯ ಫೋಟೋ ಪೂರ್ತಿ ಹೋಯಿತು. ಆ ಮನೆಯವರ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಒಳಗೆ ರೋಲ್ ಇದೆಯಾ ಅಂತ ತಿಳಿಯಲು ಎಡಗಡೆಯ ಸುತ್ತುವ ಹಿಡಿಯನ್ನು ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸು. ಬಿಗಿ ಸಿಕ್ಕರೆ ಇದೆ. ಆಮೇಲೆ ಕ್ಯಾಮೆರಾ ತಳದಲ್ಲಿರುವ ಚಿಕ್ಕ ಗುಂಡಿ ಒತ್ತಿ, ಅದೇ ಹಿಡಿಯನ್ನು ನಿಧಾನವಾಗಿ ಸುತ್ತು. ಹಳೇ ಫಿಲ್ಮ್ ಒಣಗಿ ಗಡುಸಾಗಿರುತ್ತದೆ, ಅವಸರ ಮಾಡಿದರೆ ಹರಿಯುತ್ತದೆ. ಬಿಗಿ ಇದ್ದದ್ದು ಒಮ್ಮೆಲೇ ಸಡಿಲವಾದರೆ ಫಿಲ್ಮ್ ಡಬ್ಬಿಯೊಳಗೆ ಹೋಯಿತು ಅಂತ ಅರ್ಥ. ಆದರೂ ಬಾಗಿಲನ್ನು ರಾತ್ರಿ, ಕತ್ತಲೆ ಕೋಣೆಯಲ್ಲೇ ತೆಗೆ.

ಉಳಿದ 14ರ ಆಸೆ ಬಿಡು. ಅಷ್ಟು ವರ್ಷ ಬೀರುವಿನಲ್ಲಿ ಬೆಂದ ಫಿಲ್ಮಿನಲ್ಲಿ ಹೊಸ ಫೋಟೋ ಸರಿಯಾಗಿ ಬರುವುದಿಲ್ಲ. ದೊಡ್ಡಪ್ಪ ತೆಗೆದ 22 ಉಳಿದರೆ ಅದೇ ದೊಡ್ಡದು.

ಇನ್ನು ಗಾಜು. ರೋಲ್ ಹೊರಗೆ ಬಂದ ಮೇಲೆ ಮುಂದಿನಿಂದ ಟಾರ್ಚ್ ಓರೆಯಾಗಿ ಹಿಡಿದು ಲೆನ್ಸ್ ನೋಡು. ಜೇಡರ ಬಲೆ ಥರ ಎಳೆ ಕಂಡರೆ ಅದು ಫಂಗಸ್, ಬೂಷ್ಟು. ಅಂಚಿನಲ್ಲಿ ಸ್ವಲ್ಪ ಇದ್ದರೆ ಫೋಟೋಗೆ ತೊಂದರೆ ಇಲ್ಲ. ನಡುವೆ ಹರಡಿದ್ದರೆ ಬಿಚ್ಚಿ ಒರೆಸಬೇಕು, ಅದು ಗೊತ್ತಿದ್ದವರ ಕೆಲಸ. ಮತ್ತೆ ಆ ಚರ್ಮದ ಕವರಿನೊಳಗೆ ಇಡಬೇಡ. ಚರ್ಮ ತೇವ ಹಿಡಿದುಕೊಳ್ಳುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು.

ಕೆಜಿಎಫ್‌ನಿಂದ

ಸೆಲ್ ಸಿಗಲ್ಲ ಅನ್ನುವುದು ಅರ್ಧ ಸತ್ಯ ಅಕ್ಕ. ಈ ಕ್ಯಾಮೆರಾ ಬಂದದ್ದು 1966ರಲ್ಲಿ. ಆಗ ಅದಕ್ಕೆ 5.6 ವೋಲ್ಟಿನ ಪಾದರಸದ ಸೆಲ್ ಹಾಕುತ್ತಿದ್ದರು. ಪಾದರಸ ವಿಷ ಅಂತ ಆ ಸೆಲ್ ನಿಂತುಹೋಯಿತು. ಆದರೆ 6 ವೋಲ್ಟ್ ಕೊಟ್ಟರೂ ಎಲೆಕ್ಟ್ರೋ ಚೆನ್ನಾಗಿ ನಡೆಯುತ್ತದೆ. ನಾನು ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಎಲ್‌ಆರ್44 ಸೆಲ್ ನಾಲ್ಕನ್ನು ಒಂದರ ಮೇಲೊಂದು ಇಟ್ಟು, ದಪ್ಪ ಕಾಗದ ಸುತ್ತಿ, ಉಳಿದ ಜಾಗಕ್ಕೆ ಒಂದು ಸ್ಪ್ರಿಂಗ್ ಕೊಟ್ಟಿದ್ದೇನೆ. ಸೆಲ್ ಕೂರುವ ಕಡೆ ಹಸಿರು ಕಿಲುಬು ಇದ್ದರೆ ಹತ್ತಿಗೆ ಸ್ವಲ್ಪ ವಿನೆಗರ್ ಮುಟ್ಟಿಸಿ ಒರೆಸಿ, ಒಣಗಿಸಿ. ಎಷ್ಟೋ ಸಲ ಸತ್ತ ಕ್ಯಾಮೆರಾ ಅಷ್ಟಕ್ಕೇ ಏಳುತ್ತದೆ.

ದೀಪ ಹತ್ತಿದ ಮೇಲೆ ಲಿವರ್ ಎಳೆಯುವಾಗ ಕಿವಿಗೊಡಿ. ಕೊನೆಯಲ್ಲಿ ಒಳಗಿನಿಂದ "ಟಕ್" ಅಂತ ಒಂದು ದಪ್ಪ ಸದ್ದು ಬರಬೇಕು. ಬರದಿದ್ದರೆ ಒಳಗಿನ ಒಂದು ಚಿಕ್ಕ ರಬ್ಬರ್ ತುಂಡು ಪುಡಿಯಾಗಿದೆ ಅಂತ. ಎಲೆಕ್ಟ್ರೋಗಳಿಗೆ ಇದು ಮನೆಮಾತಾದ ಕಾಯಿಲೆ. ಅದಿದ್ದರೆ ಬೆಳಕಿನ ಲೆಕ್ಕ ತಪ್ಪುತ್ತದೆ. ರಿಪೇರಿ ಆಗುತ್ತದೆ, ಆದರೆ ಮೇಲಿನ ಮುಚ್ಚಳ ಬಿಚ್ಚಬೇಕು. ನನ್ನದನ್ನು ಬೆಂಗಳೂರಿನಲ್ಲಿ ಮಾಡಿಸಿದೆ.

ಇನ್ನೊಂದು ವಿಷಯ. ಸೆಲ್ ಇಲ್ಲದಿದ್ದರೆ ಈ ಕ್ಯಾಮೆರಾದ ಶಟರ್ 1/500 ಸೆಕೆಂಡಿನಲ್ಲಿ ಮಾತ್ರ ಬೀಳುತ್ತದೆ. ನೀವು ಕೇಳಿದ ಆ "ಟಿಕ್" ಅದೇ. ನಮ್ಮೂರಿನ ಸೈನೈಡ್ ದಿಬ್ಬದ (ಚಿನ್ನದ ಗಣಿಯ ತ್ಯಾಜ್ಯದ ಗುಡ್ಡ) ಮೇಲೆ ನಡು ಮಧ್ಯಾಹ್ನ ಒಮ್ಮೆ ಸೆಲ್ ಕೈಕೊಟ್ಟಿತು. 400ರ ಫಿಲ್ಮ್ ಇತ್ತು (ನಂಬರ್ ಜಾಸ್ತಿ ಇದ್ದಷ್ಟೂ ಕಡಿಮೆ ಬೆಳಕು ಸಾಕು). ಲೆನ್ಸಿನಲ್ಲಿ ಬೆಳಕು ಬರುವ ತೂತನ್ನು ಚಿಕ್ಕದು ಮಾಡಿ, ಎಫ್ 16ಕ್ಕೆ ತಿರುಗಿಸಿ ತೆಗೆಯುತ್ತಾ ಹೋದೆ. ಎಲ್ಲವೂ ಬಂದವು. ಒಳ್ಳೆ ಬಿಸಿಲಿದ್ದಾಗ ಎಫ್ 16 ಇಟ್ಟು, ಫಿಲ್ಮಿನ ನಂಬರಿಗೆ ಹತ್ತಿರದ ಶಟರ್ ಇಟ್ಟರೆ ಸರಿ ಅನ್ನುವುದು ಹಳೇ ಲೆಕ್ಕ. ಅದು ಸುಳ್ಳಾಗುವುದಿಲ್ಲ.

ತುಮಕೂರಿನಿಂದ

ನಾನು ಪೆಂಟ್ಯಾಕ್ಸ್ ಕೆ1000 ಇಟ್ಟುಕೊಂಡಿದ್ದೇನೆ, ಪ್ರಾಣ ಅಂದರೆ ಪ್ರಾಣ. 1976ರಿಂದ 1997ರವರೆಗೆ ಬಂದ ಕ್ಯಾಮೆರಾ. ಎಲ್ಲಾ ಕೈಕೆಲಸ. ಸೆಲ್ ಬೇಕಾಗುವುದು ಬೆಳಕು ಅಳೆಯುವ ಮುಳ್ಳಿಗೆ ಮಾತ್ರ, ಸೆಲ್ ಸತ್ತರೂ 1 ಸೆಕೆಂಡಿನಿಂದ 1/1000ದವರೆಗೆ ಎಲ್ಲಾ ವೇಗವೂ ನಡೆಯುತ್ತವೆ. ಆ ಮೀಟರಿಗೆ ಸ್ವಿಚ್ ಇಲ್ಲ, ಅದಕ್ಕೇ ಲೆನ್ಸಿಗೆ ಮುಚ್ಚಳ ಹಾಕಿಡಬೇಕು. ಇಲ್ಲದಿದ್ದರೆ ಸೆಲ್ ಸುಮ್ನೆ ಖರ್ಚಾಗುತ್ತದೆ.

ಆದರೆ ಆನ್‌ಲೈನಲ್ಲಿ, ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ನನ್ನ ಮೊದಲನೆಯದು ಹಾಗೇ ಬಂತು. ಮಾರಿದವರು "ಎಲ್ಲಾ ವರ್ಕಿಂಗ್" ಅಂತ ಬರೆದಿದ್ದರು. ದೇವರಾಯನದುರ್ಗದಲ್ಲಿ ತೆಗೆದ 36ರಲ್ಲಿ ಮುಕ್ಕಾಲು ಪಾಲು ಅರ್ಧ ಕಪ್ಪು. ಶಟರಿನ ಪರದೆ ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು. ಎರಡನೆಯದನ್ನು ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ತೆಗೆದುಕೊಂಡೆ. ಬಾಗಿಲು ತೆಗೆದು, ಬೆಳಕಿನ ಕಡೆ ಹಿಡಿದು, ಒಂದೊಂದು ವೇಗಕ್ಕೂ ಶಟರ್ ಬಿಟ್ಟು ನೋಡಿದೆ. 1 ಸೆಕೆಂಡ್ ನಿಜಕ್ಕೂ ಒಂದು ಸೆಕೆಂಡ್ ಇರಬೇಕು. ಎಳೆದ ಹಾಗೆ ನಿಂತರೆ ಎಣ್ಣೆ ಗಟ್ಟಿಯಾಗಿದೆ ಅಂತ. ಬಾಗಿಲ ಅಂಚಿನ ಕಪ್ಪು ಫೋಮ್ ಬೆರಳಿಗೆ ಜಿಗುಟಾಗಿ ಅಂಟಿದರೆ ಬೆಳಕು ನುಗ್ಗುತ್ತದೆ. ಅದನ್ನು ಬದಲಾಯಿಸುವುದು ಸುಲಭ, ಆದರೆ ಬೆಲೆ ಇಳಿಸಲು ಒಳ್ಳೆ ಕಾರಣ.

ನನ್ನನ್ನು ಕೇಳಿದರೆ ಮನೆಯ ಯಾಶಿಕಾ ಮೊದಲು. ಅದರ ಲೆನ್ಸ್ ಎಫ್ 1.7, ಅಂದರೆ ತೂತು ದೊಡ್ಡದು, ಬೆಳಕು ಜಾಸ್ತಿ ಬಿಡುತ್ತದೆ, ಒಳಾಂಗಣಕ್ಕೆ ಹೇಳಿ ಮಾಡಿಸಿದ್ದು. ಶಟರ್ ಸದ್ದೂ ಕಡಿಮೆ. ಗೂಡಿನ ಹರಾಜಿನ ಹೊತ್ತಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ರೋಲಿನ ಬಗ್ಗೆ: ಅದು ಕಲರ್ ಆಗಿದ್ದರೂ ಕಪ್ಪು-ಬಿಳುಪಿನ ಡೆವಲಪರಿನಲ್ಲಿ ತೊಳೆಸಿ. ಹಳೇ ಕಲರ್ ಫಿಲ್ಮಿನಲ್ಲಿ ಒಂದೊಂದು ಬಣ್ಣದ ಪದರ ಒಂದೊಂದು ಥರ ಕೆಡುತ್ತದೆ, ಬಣ್ಣ ನಂಬುವ ಹಾಗಿಲ್ಲ. ಬೆಳ್ಳಿಯ ಚಿತ್ರ ಉಳಿಯುವ ಸಾಧ್ಯತೆ ಜಾಸ್ತಿ. ಲ್ಯಾಬಿಗೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ.

ಮುಂದೆ ಮನೆಯಲ್ಲೇ ತೊಳೆಯುವ ಮನಸ್ಸಾದರೆ ನಮ್ಮ ಕಡೆ ಇರುವ ದೊಡ್ಡ ತೊಂದರೆ ನೀರು. ಬೋರ್‌ವೆಲ್ ನೀರಿನಲ್ಲಿ ತೊಳೆದು ಒಣಹಾಕಿದರೆ ನೆಗೆಟಿವ್ ಮೇಲೆ ಬಿಳಿ ಕಲೆ ಕೂರುತ್ತದೆ. ಕೊನೆಯ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಲಿ. ಬೇಸಿಗೆಯಲ್ಲಿ ನಲ್ಲಿ ನೀರು 20 ಡಿಗ್ರಿಗೆ ಬರುವುದೇ ಇಲ್ಲ. ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿಟ್ಟು ಥರ್ಮಾಮೀಟರ್ ನೋಡುತ್ತಾ ಕೂರುತ್ತೇನೆ. ಇಲ್ಫೋರ್ಡ್ ಎಚ್‌ಪಿ5 ಅನ್ನುವ ಕಪ್ಪು-ಬಿಳುಪು ಫಿಲ್ಮಿಗೆ ಡಿ-76 ಡೆವಲಪರ್ ಅನ್ನು ಅಷ್ಟೇ ನೀರಿಗೆ ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ. ಈ ಲೆಕ್ಕದಲ್ಲಿ ನನಗೆ ಒಂದು ರೋಲೂ ಕೆಟ್ಟಿಲ್ಲ.

ವಿಜಯಪುರದ ಹತ್ತಿರದಿಂದ, ನಮ್ಮದೂ ರೇಷ್ಮೆ ಮನೆ

ಒಂದೇ ಮಾತು. ಬಿಳಿ ಗೂಡಿನ ರಾಶಿ ಎದುರಿಗಿದ್ದರೆ ಯಾಶಿಕಾದಂಥ ಆಟೋ ಕ್ಯಾಮೆರಾ ಮೋಸ ಹೋಗುತ್ತದೆ. ಬೆಳಕು ಜಾಸ್ತಿ ಅಂದುಕೊಂಡು ಗೂಡನ್ನು ಬೂದು ಬಣ್ಣ ಮಾಡಿಬಿಡುತ್ತದೆ. 400ರ ಫಿಲ್ಮ್ ಹಾಕಿ, ಗೂಡು ತೆಗೆಯುವಾಗ ಮಾತ್ರ ಫಿಲ್ಮಿನ ನಂಬರ್ ಇಡುವ ಎಎಸ್‌ಎ ಡಯಲನ್ನು 200ಕ್ಕೆ ತಿರುಗಿಸಿ. ಮುಗಿದ ತಕ್ಷಣ ವಾಪಸ್ ತಿರುಗಿಸಲು ಮರೆಯಬೇಡಿ.

ಶಿಡ್ಲಘಟ್ಟದಿಂದ, ಎರಡು ತಿಂಗಳ ನಂತರ

ಎಲ್ಲರಿಗೂ ತಿಳಿಸಲೇಬೇಕು ಅಂತ ಬರೆಯುತ್ತಿದ್ದೇನೆ. ರಾತ್ರಿ ಸ್ಟೋರ್ ರೂಮಿನಲ್ಲಿ ರೋಲ್ ತೆಗೆದೆ, ಹರಿಯಲಿಲ್ಲ. ಕಲರ್ ರೋಲೇ. ಕಪ್ಪು-ಬಿಳುಪಿನಲ್ಲಿ ತೊಳೆಸಿದೆ. ಒಂಬತ್ತು ಫೋಟೋ ಬಂದಿವೆ, ಮಬ್ಬು ಮಬ್ಬಾಗಿ. ನಾನು ಸುಮ್ಮನೆ ಲಿವರ್ ಎಳೆದದ್ದರಿಂದ ಕೊನೆಯ ನಾಲ್ಕು ಖಾಲಿ. ಒಂದರಲ್ಲಿ ಅಂಗಳದ ತುಂಬಾ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದ್ದಾರೆ. ಅವುಗಳ ನಡುವೆ ಸೆರಗು ಸಿಕ್ಕಿಸಿಕೊಂಡು ದೊಡ್ಡಮ್ಮ ನಿಂತಿದ್ದಾರೆ. "ಬೇಡ ಬೇಡ ಅಂದರೂ ತೆಗೆದಿದ್ದರು" ಅಂದರು ದೊಡ್ಡಮ್ಮ. ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ.

ಕೆಜಿಎಫ್ ಅಣ್ಣ ಹೇಳಿದ ಹಾಗೆ ನಾಲ್ಕು ಸೆಲ್ ಹಾಕಿದೆ, ದೀಪ ಹತ್ತಿತು. "ಟಕ್" ಸದ್ದು ಮಾತ್ರ ಬರಲಿಲ್ಲ. ರಬ್ಬರ್ ಬದಲಾಯಿಸಲು ಕೊಟ್ಟಿದ್ದೆ, ಹೋದ ವಾರ ಕೈಗೆ ಬಂತು. ಪೆಂಟ್ಯಾಕ್ಸ್ ಕೊಳ್ಳಲಿಲ್ಲ. ಎಚ್‌ಪಿ5 ಹಾಕಿ ನಿನ್ನೆ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿದ್ದೆ. ಕಿಂಡಿಯಲ್ಲಿ ಈಗ 7 ಇದೆ.