ಗಣೇಶಗುಡಿ ಕಡೆ ಕ್ಯಾಬಿನ್ ಬುಕ್ ಮಾಡೋ ಮೊದಲ, ವೈನಿ

ವೈನಿ, ದಾಂಡೇಲಿ ಕಡೆ ಉಳಿಯಾಕ ನೀವು ನಿನ್ನೆ ಗ್ರೂಪ್‌ನ್ಯಾಗ ಹಾಕಿದ ಮೂರೂ ಜಾಗದ ಫೋಟೊ ನೋಡಿದೆ. ಡಿಸೆಂಬರ್ ಕಡೀ ವಾರ, ಎರಡು ರಾತ್ರಿ, ಸಣ್ಣ ಹುಡುಗರನ್ನ ಹಿಡಕೊಂಡು 11 ಮಂದಿ, ಅತ್ತಿಯವರಿಗೆ ಮೊಣಕಾಲ ನೋವು. ಮೊದಲನೇದು ಸೂಪಾ ಆಣೆಕಟ್ಟಿನ ಹಿನ್ನೀರಿನ ದಂಡಿಗೆ ಇರೋ ಕಟ್ಟಿಗಿ ಕ್ಯಾಬಿನ್, ಎರಡನೇದು ಗಣೇಶಗುಡಿ ಹೊಳಿ ದಂಡಿಯ ಟೆಂಟ್, ಮೂರನೇದು ಜೋಯಿಡಾ ಕಡೆ ಹಂಚಿನ ಮನಿ ಹೋಂಸ್ಟೇ. ಯಾವುದು ಚೊಲೊ ಅಂತ ಕೇಳೀರಿ. ಮೂರನೇದು ಹಿಡೀರಿ. ಅಲ್ಲಿಂದ ನೀರು ಕಾಣಂಗಿಲ್ಲ ಅಂತ ಎಲ್ಲಾರೂ ಅದನ್ನ ಬಿಟ್ಟೇ ಬಿಟ್ಟಾರ, ಆದ್ರ ನೀರು ನೋಡಾಕ ಹಗಲಿನ್ಯಾಗ ಹೋಗಿ ಬರಬಹುದು. ಸಂಜಿ ಆರರಿಂದ ಮುಂಜಾನೆ ಏಳರ ತನಕ ಇರೋದು ಖೋಲಿ ಒಳಗ. ಅಲ್ಲಿ ಬಚ್ಚಲ, ಬಿಸಿನೀರು, ಛಾವಣಿ ಸರಿ ಇಲ್ಲಾ ಅಂದ್ರ ಯಾವ ಕೆರಿ ಕಂಡ್ರೂ ಉಪಯೋಗ ಇಲ್ಲ.

ಮೊದಲನೇ ಜಾಗದ ಆ ಇಂಗ್ಲಿಷ್ 'A' ಆಕಾರದ ಕ್ಯಾಬಿನ್ ಫೋಟೊದಾಗ ದೊಡ್ಡದು ಕಾಣಸ್ತೈತಿ. ಗೋಡಿನೂ ಛಾವಣಿನೂ ಒಂದೇ ಆಗಿರೋದ್ರಿಂದ ಮ್ಯಾಲ ಹೋದಂಗ ಜಾಗ ಕಡಿಮಿ ಆಗ್ತೈತಿ. ತಳ 12 ಫೂಟ್, ಎತ್ತರ 12 ಫೂಟ್ ಅಂತ ಹಿಡೀರಿ, ನೆಲದಿಂದ 6 ಫೂಟ್ ಎತ್ತರಕ್ಕ ಬಂದ್ರ ಅಗಲ ಬರೇ 6 ಫೂಟ್ ಉಳೀತೈತಿ. ಅಂದ್ರ ನೆಟ್ಟಗ ನಿಂತು ಅಡ್ಯಾಡಾಕ ನಡುವಿನ ಪಟ್ಟಿ ಅಷ್ಟ. ನಾಲ್ಕು ಮಂದಿಗೆ ಆಗ್ತೈತಿ ಅಂತ ಬರದಿದ್ರ ಅದರಾಗ ಇಬ್ಬರು ಅಟ್ಟದ ಮ್ಯಾಲ ಅಂತ ಅರ್ಥ. ಅಟ್ಟಕ್ಕ ನೆಟ್ಟಗಿನ ಏಣಿ ಇರ್ತೈತಿ, ರಾತ್ರಿ ನಿದ್ದಿಗಣ್ಣಾಗ ಸಣ್ಣ ಹುಡುಗರು ಇಳಿಯೋ ಏಣಿ ಅಲ್ಲ ಅದು. ಅತ್ತಿಯವರಂತೂ ಹತ್ತಂಗಿಲ್ಲ. ಬಚ್ಚಲ ಒಳಗ ಐತೋ ಹೊರಗ ಐತೋ, ಹೊರಗಿದ್ರ ಎಷ್ಟು ಹೆಜ್ಜಿ, ಮೆಟ್ಟಿಲ ಎಷ್ಟು, ಕಮೋಡ್ ಐತೋ ಇಲ್ಲೋ, ಇಷ್ಟು ಫೋನ್ ಮಾಡಿ ಕೇಳ್ರಿ. ಬಾಯಿಮಾತಿಗೆ ಬಿಡದೆ ಬಚ್ಚಲದ್ದ ಒಂದು ಫೋಟೊ ಕಳಸ್ರಿ ಅನ್ರಿ. ಹಾಸಗಿ ಫೋಟೊ ಎಲ್ಲಾರೂ ಹಾಕ್ತಾರ, ಬಚ್ಚಲದ್ದು ಹಾಕಂಗಿಲ್ಲ.

ಮಾಮಾ ನಡುವ ಮೇ ತಿಂಗಳಾಗ ಹುಡುಗರ ಸೂಟಿಗೆ ಹೋಗೂಣು ಅಂದ್ರಲ್ಲ, ಆ ಮಾತಿಗೂ ಇಲ್ಲೇ ಹೇಳ್ತೀನಿ. ಸೂಪಾದ್ದು ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಆಣೆಕಟ್ಟು, ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 564 ಮೀಟರ್, ಸುಮಾರು 145 ಟಿಎಂಸಿ ಹಿಡೀತೈತಿ. ಕಟ್ಟಿದ್ದು ಕರೆಂಟ್ ಸಲುವಾಗಿ. ಮಳಿಗಾಲದಾಗ ತುಂಬಿಸಿಕೊಂಡು ಬ್ಯಾಸಗಿ ಮುಗಿಯೋ ತನಕ ಖಾಲಿ ಮಾಡ್ಕೋತ ಹೋಗ್ತಾರ. ದಂಡಿ ಇಪ್ಪತ್ತು ಮೀಟರಿಗೆ ಒಂದು ಮೀಟರ್ ಇಳಿಜಾರ ಇದ್ರ, ನೀರು ಹತ್ತು ಮೀಟರ್ ಇಳಿಯೋದ್ರಾಗ ದಂಡಿ 200 ಮೀಟರ್ ದೂರ ಸರೀತೈತಿ. ಫೋಟೊ ತಗದಿದ್ದು ಅಕ್ಟೋಬರ್‌ನ್ಯಾಗ ಇದ್ರ ಬಾಗಲ ಮುಂದ ನೀರು. ಮೇ ತಿಂಗಳಾಗ ಹೋದ್ರ ಅದೇ ಬಾಗಲ ಮುಂದ ಕೆಂಪು ರಾಡಿ, ಒಣಗಿದ ಮರದ ಬೊಡ್ಡಿ. ಡಿಸೆಂಬರ್‌ನ್ಯಾಗ ನೀರು ಚೊಲೊ ಇರ್ತೈತಿ, ಆ ಚಿಂತಿ ಇಲ್ಲ. ಬ್ಯಾಸಗಿಗೇ ಹೋಗೋದಾದ್ರ ಬೊಮ್ಮನಹಳ್ಳಿ ಹಿನ್ನೀರಿನ ಕಡೆ ನೋಡ್ರಿ. ಅದು ಸೂಪಾದಿಂದ ಬಿಟ್ಟ ನೀರನ್ನ ಹಿಡಿದು ಪವರ್ ಹೌಸಿಗೆ ಕಳಸೋ ಜಲಾಶಯ, ಸೂಪಾದಷ್ಟು ಏರಿಳಿತ ಅಲ್ಲಿಲ್ಲ. ಯಾವುದಕ್ಕೂ, ಇವತ್ತಿನ ದಿನ ತಗದ ಒಂದು ವಿಡಿಯೊ ಕಳಸ್ರಿ ಅಂತ ಮಾಲಕರಿಗೆ ಕೇಳ್ರಿ, ಅರ್ಧ ನಿಮಿಷದ ಕೆಲಸ.

ಈಗ ಹೊಳಿ ದಂಡಿ ಟೆಂಟ್. ಇದೊಂದು ಮಾತು ಲಕ್ಷ ಕೊಟ್ಟು ಕೇಳ್ರಿ. ಗಣೇಶಗುಡಿ ಇರೋದು ಆಣೆಕಟ್ಟಿನ ಕೆಳಗ. ಪವರ್ ಹೌಸ್‌ನ್ಯಾಗ ಮಷೀನ್ ಚಾಲೂ ಮಾಡಿದ್ರ ಮೋಡ ಇಲ್ಲದ, ಮಳಿ ಇಲ್ಲದ ದಿನನೂ ಹೊಳಿ ನೀರು ಏರ್ತೈತಿ. ಮುಂಜಾನೆ ಒಣಾ ಇದ್ದ ಬಂಡಿಗಲ್ಲು ಸ್ವಲ್ಪ ಹೊತ್ತಿನ್ಯಾಗ ನೀರಾಗ ಇರ್ತೈತಿ, ನಡುವಿನ ಬಂಡಿಗಲ್ಲಿಗೆ ಹೋಗಿ ಕುಂತವರು ಅಲ್ಲೇ ಸಿಕ್ಕೊಂಡು ಬಿಡ್ತಾರ. ರಾಫ್ಟಿಂಗ್ ನಡ್ಯೋದೂ ಈ ಬಿಟ್ಟ ನೀರಿನ ಮ್ಯಾಲ, ಅದಕ್ಕ ಹೋಗೋ ಹಿಂದಿನ ದಿನ ಕೇಳಿದ್ರ ಮಾತ್ರ ಖರೇ ಗೊತ್ತಾಗ್ತೈತಿ. ಸಣ್ಣ ಹುಡುಗರನ್ನ ಏರಸಂಗಿಲ್ಲ, ವಯಸ್ಸಿನ ಮಿತಿ ಮೊದಲ ಕೇಳಿ ಇಟ್ಕೊಳ್ರಿ, ಅಲ್ಲಿ ಹೋದಮ್ಯಾಲ ಅವು ಅಳಬಾರದು. ದಾಂಡೇಲಿ ಊರ ಹತ್ರ ಹೊಳಿಯಾಗ ಮೊಸಳಿ ಅದಾವ, ಅಲ್ಲಿ ಕಾಲು ಸುದ್ದಾ ಇಳಿಸೋದು ಬ್ಯಾಡ. ಹಿನ್ನೀರಿನ್ಯಾಗ ಬೇರೆ ಥರದ ಭಯ: ಮುಳುಗಿದ ಮರದ ಬೊಡ್ಡಿ, ಕಾಲು ಹೂತು ಹೋಗೋ ಮೆತ್ತನ ರಾಡಿ. ಲೈಫ್ ಜಾಕೆಟ್ ಹಾಕಿದ್ರನ ದೋಣಿ ಹತ್ತೋದು, ಈಜಾಕ ಬರ್ತೈತಿ ಅನ್ನೋವ್ರಿಗೂ ಇದೇ ಮಾತು.

ಟೆಂಟ್‌ನ ಇನ್ನೊಂದು ತೊಂದರಿ ಇಬ್ಬನಿ. ಡಿಸೆಂಬರ್‌ನ್ಯಾಗ ನೀರಿನ ದಂಡಿಗೆ ನಡುರಾತ್ರಿ ಆದಮ್ಯಾಲ ಭಾಳ ಇಬ್ಬನಿ ಬೀಳ್ತೈತಿ. ಒಳಗ ಮಲಗಿದವರ ಉಸಿರಿನ ಆವಿ ತಣ್ಣನ ಬಟ್ಟಿಗೆ ತಾಗಿ ನೀರಾಗಿ, ನಸುಕ್ನ್ಯಾಗ ಹಾಸಗಿ ಮ್ಯಾಲ ತೊಟ್ಟಿಕ್ಕತೈತಿ. ಒಂದೇ ಪದರದ ಟೆಂಟ್ ಇದ್ರ ಗೋಡಿಗೆ ತಾಗಿದ ಹಚ್ಚಡ ಪೂರ್ತಿ ಹಸಿ. ಎರಡು ಪದರ ಐತೇನು, ಮ್ಯಾಲಿನ ಗಾಳಿ ಕಿಂಡಿ ತಗೀಬಹುದೇನು ಅಂತ ಕೇಳ್ರಿ. ಚಳಿ ಅಂತ ಆ ಕಿಂಡಿ ಮುಚ್ಚಿದ್ರ ಹನಿ ಇನ್ನೂ ಹೆಚ್ಚಾಗ್ತೈತಿ. ತಗಡಿನ ಛಾವಣಿ ಕಾಟೇಜಿನ್ಯಾಗೂ ಕೆಳಗ ಇನ್ನೊಂದು ಪದರ ಕೂಡ್ರಸದಿದ್ರ ಇದೇ ಹಣೇಬಾರ. ಹಂಚಿನ ಮನಿಗೆ ಸಂದಿನ್ಯಾಗ ಗಾಳಿ ಆಡ್ತೈತಿ, ಅದಕ್ಕ ಅಲ್ಲಿ ಹನಿ ಬೀಳಂಗಿಲ್ಲ. ಸ್ವಲ್ಪ ಥಂಡಿ ಹತ್ತತೈತಿ, ಒಂದೊಂದು ಕೌದಿ ಜಾಸ್ತಿ ಒಯ್ರಿ.

ಬಿಸಿನೀರಿನ ಲೆಕ್ಕ ಹೇಳ್ತೀನಿ, ಯಾಕಂದ್ರ 11 ಮಂದಿ ಅಂದಾಗ ಜಗಳ ಆಗೋದೇ ಇಲ್ಲಿ. 25 ಲೀಟರ್ ಕರೆಂಟ್ ಗೀಜರ್ ಪೂರ್ತಿ ಕಾದ್ರ, ತಣ್ಣೀರು ಬೆರೆಸಿ 20 ಲೀಟರಿನ ಬಕೆಟ್ ಎರಡೂವರೆ ಸಿಗ್ತೈತಿ. ಮತ್ತ ಕಾಯಾಕ ಅರ್ಧ ತಾಸಿಗಿಂತ ಮ್ಯಾಲ ಬೇಕು. ಎಲ್ಲಾರದೂ ಜಳಕ ಆಗೋದ್ರಾಗ ಎರಡು ತಾಸು ಹೋತು, ಅದೂ ಕರೆಂಟ್ ಇದ್ರ. ಇನ್ವರ್ಟರ್ ಮ್ಯಾಲ ಗೀಜರ್ ಓಡಂಗಿಲ್ಲ. ಸೋಲಾರ್ ಅಂದ್ರ ದಟ್ಟ ಮರದ ನೆರಳಾಗ, ಮಂಜಿನಾಗ ಅದು ಬೆಚ್ಚಗ ಆಗೋದ್ರಾಗ ಮಧ್ಯಾಹ್ನ. ಒಲಿ ಹಚ್ಚಿ ಹಂಡೆ ಕಾಸೋ ಮನಿ ಸಿಕ್ಕರ ಅದೇ ಎಲ್ಲಾದಕ್ಕಿಂತ ಛಲೋ. ಗ್ಯಾಸ್ ಗೀಜರ್ ಬಚ್ಚಲ ಒಳಗ ಕೂಡ್ರಿಸಿ ಕಿಟಕಿ ಮುಚ್ಚಿದ್ರಂತೂ ಆ ಜಾಗ ಬ್ಯಾಡೇ ಬ್ಯಾಡ, ವಾಸನಿ ಇಲ್ಲದ ಕಾರ್ಬನ್ ಮೋನಾಕ್ಸೈಡ್ ತುಂಬಿ ನಿಂತಲ್ಲೇ ಎಚ್ಚರ ತಪ್ಪತೈತಿ. ಇದ್ದಲಿ ಶೇಗಡಿನೂ ಹಂಗ. ಹೊರಗ ಎಷ್ಟು ಬೇಕೋ ಅಷ್ಟು ಕಾಯಿಸಿಕೊಳ್ರಿ, ಮಲಗೋ ಖೋಲಿಗೆ ಟೆಂಟಿಗೆ ಒಯ್ಯಬ್ಯಾಡ್ರಿ, ಕೆಂಡ ಆರಿದಂಗ ಕಂಡ್ರೂ ಒಯ್ಯಬ್ಯಾಡ್ರಿ.

ದಾರಿ. ಧಾರವಾಡದಿಂದ ಹಳಿಯಾಳ ಮ್ಯಾಲ ದಾಂಡೇಲಿ 55 ಕಿಲೊಮೀಟರ್ ಆಜುಬಾಜು, ಹುಬ್ಬಳ್ಳಿಯಿಂದ 75, ದಾಂಡೇಲಿಯಿಂದ ಗಣೇಶಗುಡಿ ಇನ್ನೊಂದು 25. ಡಾಂಬರ ರೋಡ್ ಬಗ್ಗೆ ಕೇಳೋದು ಏನಿಲ್ಲ. ಕೇಳಬೇಕಾದ್ದು ಕಡೀ ಎರಡು ಮೂರು ಕಿಲೊಮೀಟರ್ ಮಣ್ಣಿನ ದಾರಿದ್ದು: ಮಂದಿ ತುಂಬಿದ ಎರ್ಟಿಗಾ ತಳ ತಾಗದಂಗ ಹೋಗ್ತೈತೇನು, ಟೆಂಪೊ ಟ್ರಾವೆಲರ್ ಇದ್ರ ತಿರುಗಿಸಾಕ ಜಾಗ ಐತೇನು. ಜೋಯಿಡಾ ಕಡೆ ನೆಟ್‌ವರ್ಕ್ ಹೋಗಿ ಬಂದು ಮಾಡ್ತೈತಿ, ಮ್ಯಾಪ್ ನಂಬಿ ಕತ್ತಲಾಗ ಕಾಡಿನ ದಾರಿ ಹಿಡೀಬ್ಯಾಡ್ರಿ. ಮಾಲಕರ ಕಡೆಯಿಂದ ಗುಡಿ, ಸಾಲಿ, ಸೇತುವೆ ಅಂತ ಗುರ್ತು ಬರೆಸಿಕೊಂಡು, ನಾಲ್ಕರ ಒಳಗ ಮುಟ್ರಿ. ಪೆಟ್ರೋಲ್, ರೊಕ್ಕ, ಔಷಧ ದಾಂಡೇಲಿಯಾಗ ಮುಗಿಸಿಕೊಳ್ರಿ.

ಕಾಡಿನ್ಯಾಗ ಅಡ್ಯಾಡಾಕ ಹೋಗೋವ್ರು ಉಣ್ಣಿ ಬಗ್ಗೆ ಎಚ್ಚರ. ಮಂಗನ ಕಾಯಿಲೆ ಹಬ್ಬೋದು ಉಣ್ಣಿಯಿಂದ, ನವೆಂಬರ್‌ನಿಂದ ಮೇ ಅದರ ಕಾಲ. ಉತ್ತರ ಕನ್ನಡದಾಗ ಸಿದ್ದಾಪುರ ಕಡೆ ಹೆಚ್ಚು ಕಂಡಿದ್ರೂ ಕಾಡು ಕಾಡೇ. ಉದ್ದ ಪ್ಯಾಂಟ್, ಪ್ಯಾಂಟಿನ ತುದಿ ಸಾಕ್ಸ್ ಒಳಗ, ಒಣಗಿದ ಎಲಿ ಮ್ಯಾಲ ಕುಂಡ್ರೋದು ಬ್ಯಾಡ. ವಾಪಸ್ ಬಂದ ಕೂಡ್ಲೇ ಬಿಸಿನೀರಿನ ಜಳಕ, ಹುಡುಗರ ಕಿವಿ ಹಿಂದ, ಕಂಕುಳ, ಮೊಣಕಾಲ ಹಿಂದ ನೋಡ್ರಿ, ಬಟ್ಟಿ ಬ್ಯಾರೆ ಚೀಲಕ್ಕ ಹಾಕ್ರಿ. ಊರಿಗೆ ಬಂದಮ್ಯಾಲ ಜ್ವರ ಬಂದ್ರ ಕಾಡಿಗೆ ಹೋಗಿದ್ವಿ ಅಂತ ಡಾಕ್ಟರಿಗೆ ಮರೀದಂಗ ಹೇಳ್ರಿ.

ಅತ್ತಿಯವರಿಗೆ ಅಲ್ಲಿ ಮಂದಿ ನೋಡಾಕ ಹೋಗೋ ಶಿಂತೇರಿ ಕಲ್ಲು, ಕವಳಾ ಗುಹೆ ಎರಡೂ ಬ್ಯಾಡ, ಮೆಟ್ಟಿಲ ಭಾಳ. ಮುಂಜಾನೆ ಅಂಗಳದಾಗ ಕುರ್ಚಿ ಹಾಕಿ ಕೂಡ್ರಸ್ರಿ. ಆಲದ ಜಾತಿ ಮರ ಹಣ್ಣು ಬಿಟ್ಟಿದ್ರ ಹಾರ್ನ್‌ಬಿಲ್ ಹಕ್ಕಿ ಅಲ್ಲೇ ಬರ್ತಾವ, ರೆಕ್ಕಿ ಸಪ್ಪಳ ಮೊದಲ ಕೇಳ್ತೈತಿ, ಆಮ್ಯಾಲ ಹಕ್ಕಿ ಕಾಣತೈತಿ. ಊಟಕ್ಕ ಅಲ್ಲಿ ಅನ್ನ, ಕೋಕಂ ಸಾರು ಚೊಲೊ ಇರ್ತೈತಿ, ಆದ್ರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಂದು ಡಬ್ಬಿ ಕಟ್ಕೊಳ್ರಿ. ಡಬ್ಬಿನ್ನ ಹೊರಗಿನ ಕಟ್ಟಿ ಮ್ಯಾಲ ಬಿಡಬ್ಯಾಡ್ರಿ, ಮಂಗ್ಯಾ ಒಯ್ತಾವ.

ರೊಕ್ಕ ಹಾಕೋ ಮೊದಲ ಒಂದು: ಡಿಸೆಂಬರ್ ಕಡೀ ವಾರ ರೇಟ್ ಏರಿರ್ತೈತಿ, ಮುಂಗಡ ವಾಪಸ್ ಕೊಡೋದು ಕಡಿಮಿ. ಎಷ್ಟು ದಿನ ಮೊದಲ ಹೇಳಿದ್ರ ಎಷ್ಟು ವಾಪಸ್, ಹೋಂಸ್ಟೇ ಪ್ರವಾಸೋದ್ಯಮ ಇಲಾಖೆದಾಗ ನೋಂದಣಿ ಆಗೇತೇನು, ಆ ದಿನ ಅಲ್ಲಿ ಡಿಜೆ ಪಾರ್ಟಿ ಐತೇನು, ಈ ಮೂರಕ್ಕೂ ವಾಟ್ಸಾಪ್‌ನ್ಯಾಗ ಬರವಣಿಗಿ ಉತ್ತರ ತಗೊಂಡು ಆಮ್ಯಾಲ ಕಳಸ್ರಿ. ಆಗಲಿಲ್ಲಾ ಅಂದ್ರ ಜನವರಿ ಎರಡನೇ ವಾರ ನೋಡ್ರಿ ವೈನಿ, ನೀರು ಅಷ್ಟೇ ಇರ್ತೈತಿ, ಗದ್ಲ ಇರಂಗಿಲ್ಲ.