ಸಮ್ಮರ್‌ಟೈಮ್ ಹಾಡಿನ ಸಾಹಿತ್ಯ ಯಾರದು? ಪ್ರಿಂಟಿಗೆ ಕೊಡೋ ಮುಂಚೆ ಹೇಳಿ

ಮಾಟುಂಗದ ಅಪ್ಪ:
ಮಗಳು ಮತ್ತು ಅವಳ ಕಾಲೇಜಿನ ಸ್ನೇಹಿತರು ಮುಂದಿನ ತಿಂಗಳು ಮಾಟುಂಗದಲ್ಲಿ ಸಣ್ಣದೊಂದು ಸಂಗೀತ ಸಂಜೆ ಇಟ್ಟುಕೊಂಡಿದ್ದಾರೆ. ದಾಸರ ಪದ, ಭಾವಗೀತೆ, ಜೊತೆಗೆ 'ಪೋರ್ಗಿ ಅಂಡ್ ಬೆಸ್' ಒಪೆರಾದ ಸಮ್ಮರ್‌ಟೈಮ್. ಕರಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. 'ಸಂಗೀತ: ಜಾರ್ಜ್ ಗೆರ್ಶ್ವಿನ್, ಸಾಹಿತ್ಯ: ಐರಾ ಗೆರ್ಶ್ವಿನ್' ಅಂತ ಬರೆದಿಟ್ಟಿದ್ದೆ. ಈಗ ನೋಡಿದರೆ ಹಳೇ ಎಲ್‌ಪಿ ರೆಕಾರ್ಡಿನ ಕವರಿನ ಮೇಲೆ ಡ್ಯುಬೋಸ್ ಹೇವರ್ಡ್ ಅಂತ ಇನ್ನೊಂದು ಹೆಸರಿದೆ. ಅವರು ಈ ಒಪೆರಾಗೆ ಮೂಲವಾದ ಕಾದಂಬರಿ ಬರೆದವರು ಅಷ್ಟೇ ಅಲ್ವಾ?

ಠಾಣೆ ಸ್ಲೋ ಲೋಕಲ್:
ಅಯ್ಯೋ, ಕೊಡಬೇಡಿ! ಆ ಹಾಡಿನ ಸಾಹಿತ್ಯ ಹೇವರ್ಡ್ ಅವರದೇ. 'ಮೈ ಮ್ಯಾನ್ಸ್ ಗಾನ್ ನೌ' ಕೂಡ ಅವರದೇ. ಐರಾ ಬರೆದದ್ದು 'ಇಟ್ ಏಂಟ್ ನೆಸೆಸರಿಲಿ ಸೋ' ಥರದ ತುಂಟ ಹಾಡುಗಳು, ಒಂದೆರಡು ಇಬ್ಬರೂ ಸೇರಿ ಮಾಡಿದ್ದು. ಹಕ್ಕುಸ್ವಾಮ್ಯದ ದಾಖಲೆಯಲ್ಲಿ ಸಮ್ಮರ್‌ಟೈಮ್‌ಗೆ ಐರಾ ಹೆಸರೂ ಸೇರಿದೆ, ಗೊಂದಲ ಆಗೋದೇ ಅಲ್ಲಿ.
ಕಾದಂಬರಿ 1925ರದು. ಅವರ ಹೆಂಡತಿ ಡೊರೊತಿ ಜೊತೆ ಸೇರಿ ಅದನ್ನು ನಾಟಕ ಮಾಡಿದ್ದು 1927ರಲ್ಲಿ. ಒಪೆರಾ ಕೆಲಸ ಶುರುವಾದಾಗ ಹೇವರ್ಡ್ ಅಮೆರಿಕದ ದಕ್ಷಿಣದ ಚಾರ್ಲ್‌ಸ್ಟನ್ ಊರಿನಲ್ಲಿ ಕೂತು ದೃಶ್ಯ ಬರೆದು ಅಂಚೆಗೆ ಹಾಕೋದು, ನ್ಯೂಯಾರ್ಕಿನಲ್ಲಿ ಜಾರ್ಜ್ ಅದಕ್ಕೆ ಸ್ವರ ಕೂರಿಸೋದು. ಹೆಚ್ಚಾಗಿ ಮಾತೇ ಮೊದಲು, ಟ್ಯೂನ್ ಆಮೇಲೆ. 1934ರ ಬೇಸಿಗೆಯಲ್ಲಿ ಜಾರ್ಜ್ ತಾವೇ ಅಲ್ಲಿನ ಫಾಲಿ ಬೀಚ್‌ಗೆ ಹೋಗಿ ಇದ್ದರು. 1935ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದ್ದು ಬರೀ 124 ಪ್ರದರ್ಶನ.

ಕೋಥ್ರೂಡ್ ಕನ್ನಡಿಗ:
ಹವ್ಯಾಸಿ ನಾಟಕಗಳಿಗೆ ಹಾಡು ಬರೆಯೋನು ನಾನು, ಅದಕ್ಕೇ ಈ ಮಾತು. 'ಸಮ್ಮರ್‌ಟೈಮ್, ಅಂಡ್ ದ ಲಿವಿನ್ ಈಸ್ ಈಸಿ' ಅನ್ನೋ ಮೊದಲ ಸಾಲಿನಲ್ಲಿ 'ಸಮ್ಮರ್‌ಟೈಮ್' ಆದ ಮೇಲೆ ಒಂದು 'ಅಂಡ್' ಬರುತ್ತೆ ನೋಡಿ, ಹಾಡಿನ ಜೀವ ಅಲ್ಲಿದೆ. ಅಲ್ಲಿ 'ವೆನ್' ಅಂತ ಹಾಕಿದ್ದರೆ ಸಪ್ಪೆ ಆಗ್ತಿತ್ತು ಅಂತ ಅಮೆರಿಕದ ಸಂಗೀತ ನಾಟಕಗಳಿಗೆ ಹಾಡು ಬರೆದ ಸ್ಟೀಫನ್ ಸಾಂಡ್‌ಹೈಮ್ ಅಂಥವರೇ ಹೇಳಿದ್ದಾರೆ. ಒಮ್ಮೆ ಸುಮ್ನೆ ಕನ್ನಡಕ್ಕೆ ತರೋಕೆ ಕೂತೆ. 'ಮತ್ತು' ಹಾಕಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿತ್ತು. 'ಬೇಸಿಗೆಯೂ ಬಂತು, ಬದುಕೂ ಹಗುರ' ಅಂದಾಗ ಸ್ವಲ್ಪ ಹತ್ತಿರ ಬಂತು, ಆದರೂ ಅವರ ಸಾಲಿನ ಆರಾಮ ಬರಲಿಲ್ಲ.
ಮಗಳಿಗೆ ಇದನ್ನೂ ಹೇಳಿ. ಇದು ಜೋಗುಳ. ಅಪ್ಪ ಅಮ್ಮ ಪಕ್ಕದಲ್ಲಿದ್ದಾರೆ, ನಿನಗೇನೂ ಆಗಲ್ಲ ಅಂತ ಒಪೆರಾದ ಕ್ಲಾರಾ ಅನ್ನೋ ತಾಯಿ ತನ್ನ ಕೂಸಿಗೆ ಹಾಡುತ್ತಾಳೆ. ಆಮೇಲೆ ಬಿರುಗಾಳಿಗೆ ಮೀನುಗಾರ ಗಂಡನೂ ಬಲಿಯಾಗುತ್ತಾನೆ, ಅವನನ್ನು ಹುಡುಕಿ ಹೋದ ಅವಳೂ ಸಾಯುತ್ತಾಳೆ. ಅದೇ ಕೂಸಿಗೆ ಅದೇ ಹಾಡನ್ನು ಕಥೆಯ ನಾಯಕಿ ಬೆಸ್ ಹಾಡುತ್ತಾಳೆ.

ಮುಲುಂಡ್ ಮೇಳ:
ಹೊಗಳಿದ್ದು ಜಾಸ್ತಿ ಆಯ್ತು. ಒಪೆರಾದ ಕಥೆ ಬಡ ಕಪ್ಪು ಜನರ ಕೇರಿಯದು, ಬಿಳಿಯರಾದ ಹೇವರ್ಡ್ ಅವರ ಮಾತನ್ನು ಬರೆದದ್ದಕ್ಕೆ ಆ ಸಮುದಾಯದಲ್ಲೇ ಅನೇಕರ ಆಕ್ಷೇಪ ಇದೆ. 'ಜಾನಪದ ಒಪೆರಾ' ಅಂತ ಜಾರ್ಜ್ ಕರೆದರೂ ಹಳೇ ಜನಪದ ಹಾಡು ಎತ್ತಿಕೊಂಡಿಲ್ಲ, ಆ ಧಾಟಿಯಲ್ಲಿ ತಾವೇ ಹೊಸದು ಕಟ್ಟಿದರು. ಆದರೂ ಹೆಸರು ಹಾಕಲೇಬೇಕು. ನಮ್ಮ ಯಕ್ಷಗಾನದಲ್ಲೂ ಇದೇ ಪಾಡು, ಚಪ್ಪಾಳೆ ಭಾಗವತರಿಗೆ, ಪ್ರಸಂಗ ಬರೆದವರು ಯಾರು ಅಂತ ಕೇಳೋರಿಲ್ಲ.

ಮಾಟುಂಗದ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. 'ಸಾಹಿತ್ಯ: ಡ್ಯುಬೋಸ್ ಹೇವರ್ಡ್' ಅಂತ ತಿದ್ದಿದೆ. ಕ್ಲಾರಾ ಕಥೆ ಕೇಳಿ ಮಗಳು ಇನ್ನೂ ನಿಧಾನಕ್ಕೆ ಹಾಡಬೇಕು ಅಂತಿದ್ದಾಳೆ. ಆಮೇಲೆ ಕರಪತ್ರ ನೋಡಿ, 'ಅಪ್ಪಾ, ದಾಸರ ಪದಕ್ಕೆ ರಾಗ ಹಾಕಿದ್ದು ಯಾರು ಅಂತ ಬರೆದಿಲ್ವಲ್ಲ' ಅಂದಳು. ಅದಕ್ಕೆ ಇನ್ನೊಂದು ಪ್ರಶ್ನೆ ಹಾಕ್ತೀನಿ, ಇರಿ.