ಕೆನ್ನೆ ಮೇಲೆ ಬಂಗು: ಮೆಡಿಕಲ್‌ನಲ್ಲಿ ಕೊಟ್ಟ ಟ್ಯೂಬ್ ಮತ್ತೆ ಹಚ್ಚಲಾ?

ಪ್ರಶ್ನೆ (ಮುಂಬೈ ಹತ್ತಿರದ ಡೊಂಬಿವಲಿ, 34 ವರ್ಷ): ನಮಸ್ಕಾರ ಡಾಕ್ಟರ್ ಮೇಡಂ. ಎರಡನೇ ಬಸುರಿನಲ್ಲಿ ಎರಡೂ ಕೆನ್ನೆ, ಮೂಗು, ಮೇಲ್ದುಟಿಯ ಮೇಲೆ ಕಂದು ಬಣ್ಣದ ಬಂಗು ಬಂತು. ತುರಿಕೆ ಇರಲಿಲ್ಲ. ಸ್ಟೇಷನ್ ಹತ್ತಿರದ ಮೆಡಿಕಲ್‌ನಲ್ಲಿ ಒಂದು ಟ್ಯೂಬ್ ಕೊಟ್ಟರು. ಕೆಲವೇ ವಾರದಲ್ಲಿ ಮುಖ ಬೆಳ್ಳಗಾಯಿತು, ಎಲ್ಲರೂ ಕೇಳಿದ್ದೇ ಕೇಳಿದ್ದು. ತಿಂಗಳುಗಟ್ಟಲೆ ಹಚ್ಚಿದೆ. ಬಿಟ್ಟ ಮೇಲೆ ಮೊದಲಿಗಿಂತ ಕಪ್ಪಾಯಿತು. ಈಗ ಬಿಸಿಲಿಗೆ ಹೋದರೆ ಉರಿ, ಕೆನ್ನೆ ಕೆಂಪು. ಅತ್ತೆ "ಲಿವರ್ ತೋರಿಸು" ಅಂತಾರೆ. ಅದೇ ಟ್ಯೂಬ್ ಮತ್ತೆ ಶುರು ಮಾಡಲಾ? ಮಗು ಇನ್ನೂ ಹಾಲು ಕುಡಿಯುತ್ತಿದೆ.

ಡಾಕ್ಟರ್: ಬೇಡಮ್ಮ. ಮೊದಲು ಟ್ಯೂಬ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆಗೆ ಮೊಮೆಟಾಸೋನ್ ಅಂತಲೋ, ಬೀಟಾಮೆಥಾಸೋನ್, ಫ್ಲೂಸಿನೋಲೋನ್, ಕ್ಲೋಬೆಟಾಸಾಲ್ ಅಂತಲೋ ಇದ್ದರೆ ಆ ಕೊನೆಯದು ಸ್ಟೆರಾಯ್ಡ್. ಬೇಗ ಬೆಳ್ಳಗಾಗುವುದರಲ್ಲಿ ಅದರ ಪಾಲು ದೊಡ್ಡದು. ಜಾಸ್ತಿ ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಸಣ್ಣ ರಕ್ತನಾಳ ಕಾಣುತ್ತದೆ, ಮೊಡವೆ, ಕೂದಲು ಬರುತ್ತದೆ. ಬಿಟ್ಟರೆ ನಿಮಗೆ ಆದ ಹಾಗೇ ಕೆಂಪು, ಉರಿ.

ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೆರಾಯ್ಡ್ ಈ ಮೂರೂ ಸೇರಿದ ಔಷಧಿಯೇ ಕೆಟ್ಟದ್ದು ಅಂತಲ್ಲ, ನಾವೂ ಬರೆಯುತ್ತೇವೆ. ಆದರೆ ಲೆಕ್ಕ ಹಾಕಿ ಕೆಲವು ವಾರಕ್ಕೆ ಮಾತ್ರ, ಆಮೇಲೆ ನಿಲ್ಲಿಸುತ್ತೇವೆ. ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಟ್ಯೂಬಿನ ಮೇಲೇ ಇರುತ್ತದೆ. ಆದರೂ ಮೆಡಿಕಲ್‌ನವರು ಫೇಸ್ ಕ್ರೀಮ್ ಕೊಟ್ಟ ಹಾಗೆ ಕೊಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಲಿವರಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಅತ್ತೆಗೆ ಹೇಳಿ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅಲ್ಲಲ್ಲಿ ಜಾಸ್ತಿ ಕೆಲಸ ಮಾಡುವುದೇ ಬಂಗು. ಬಿಸಿಲು, ಬಸುರಿನ ಹಾರ್ಮೋನು, ಗರ್ಭನಿರೋಧಕ ಮಾತ್ರೆ, ಅಮ್ಮನಿಗೂ ಇದ್ದದ್ದು, ಇವೆಲ್ಲ ಕಾರಣ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ.

ಈಗ ಸೌಮ್ಯವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಅಷ್ಟೇ. ಬ್ಲೀಚ್, ಫೇಶಿಯಲ್ ಬಂದ್. ಉರಿ ಇಳಿದ ಮೇಲೆ ಅಜೆಲಾಯಿಕ್ ಆಸಿಡ್ ಕ್ರೀಮ್ ನೋಡಬಹುದು, ಹಾಲು ಕುಡಿಸುವವರಿಗೂ ಸಾಮಾನ್ಯವಾಗಿ ಕೊಡುತ್ತೇವೆ. ಬಂಗಿಗೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ನೀವಾಗಿಯೇ ತರಬೇಡಿ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಅಪಾಯ.

ಅದೇ ಓದುಗರು: ಸನ್‌ಸ್ಕ್ರೀನ್ ಹಚ್ಚಿದ್ದೆ ಮೇಡಂ, ಏನೂ ಆಗಲಿಲ್ಲ.

ಡಾಕ್ಟರ್: ಎಷ್ಟು ಹಚ್ಚಿದಿರಿ? ಕಡಲೆ ಕಾಳಿನಷ್ಟು ಅಲ್ವಾ? ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು ಮುಖ, ಕುತ್ತಿಗೆಗೆ. ಬಿಸಿಲು ತಡೆಯುವ ಅಳತೆ, ಎಸ್‌ಪಿಎಫ್, 30 ಅಥವಾ ಹೆಚ್ಚು ಇರಲಿ. ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬೆಳಿಗ್ಗೆ ಡೊಂಬಿವಲಿಯಲ್ಲಿ ಹಚ್ಚಿದ್ದು ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಬೆವರಿ ಒರೆಸಿಕೊಂಡು, ದಾದರ್ ಬರುವಷ್ಟರಲ್ಲಿ ಕರ್ಚೀಫಿಗೆ ಹೋಗಿರುತ್ತದೆ. ಬಂಗಿಗೆ ಚರ್ಮದ ಬಣ್ಣ ಬೆರೆತ ಸನ್‌ಸ್ಕ್ರೀನ್ ಒಳ್ಳೆಯದು. ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಆ ಬೆಳಕೂ ಬಂಗನ್ನು ಕಪ್ಪು ಮಾಡುತ್ತದೆ. ಮಳೆಗಾಲದಲ್ಲೂ ಬಿಡಬೇಡಿ, ಮೋಡ ಇದ್ದರೂ ಬೆಳಕು ಬರುತ್ತದೆ.

ಕಮೆಂಟ್ (ಪುಣೆಯಿಂದ ಒಬ್ಬ ಹಿರಿಯರು): ನಮ್ಮ ಕಾಲದಲ್ಲಿ ಜಾಯಿಕಾಯಿ ಹಾಲಲ್ಲಿ ತೇದು ಹಚ್ಚುತ್ತಿದ್ದೆವು, ಮೇಲೆ ನಿಂಬೆರಸ. ಈಗಿನವರಿಗೆ ಟ್ಯೂಬೇ ಬೇಕು.

ಡಾಕ್ಟರ್: ಅಮ್ಮಾ, ಜಾಯಿಕಾಯಿ ಕೆಲವರಿಗೆ ಉರಿ ತರುತ್ತದೆ. ಉರಿದ ಜಾಗ ನಮ್ಮ ಬಣ್ಣದವರಿಗೆ ಮತ್ತೆ ಕಪ್ಪಾಗುತ್ತದೆ. ನಿಂಬೆರಸವಂತೂ ಬೇಡವೇ ಬೇಡ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು ಕಲೆ ಉಳಿಯಬಹುದು. ನಿಂಬೆಹಣ್ಣು ಸಾರಿಗೆ ಹಿಂಡಿ.

ಪ್ರಶ್ನೆ (ಮಾಟುಂಗಾ, 41 ವರ್ಷ, ಗಂಡಸು): ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ಇಡೀ ದಿನ ನಿಲ್ಲುತ್ತೇನೆ. ಕೆನ್ನೆಮೂಳೆ ಕಪ್ಪಾಗಿದೆ. ಕುತ್ತಿಗೆ ಹಿಂದೆಯೂ ಕಪ್ಪು, ಮುಟ್ಟಿದರೆ ದಪ್ಪ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಇದೂ ಬಂಗಾ?

ಡಾಕ್ಟರ್: ಉಜ್ಜುವುದು ಮೊದಲು ನಿಲ್ಲಿಸಿ, ಅದು ಕೊಳೆ ಅಲ್ಲ. ಗಂಡಸರಿಗೂ ಬಂಗು ಬರುತ್ತದೆ, ಬೆಂಕಿಯ ಕಾವು ಅದನ್ನು ಹೆಚ್ಚಿಸುತ್ತದೆ. ಆದರೆ ಕುತ್ತಿಗೆಯಲ್ಲಿ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ಅದು ಬೇರೆ, ಇಂಗ್ಲಿಷಿನಲ್ಲಿ ಅಕಾಂಥೋಸಿಸ್ ನೈಗ್ರಿಕಾನ್ಸ್ ಅನ್ನುತ್ತಾರೆ. ಸಾಮಾನ್ಯವಾಗಿ ತೂಕ ಜಾಸ್ತಿ ಇರುವವರಲ್ಲಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲಿ ಕಾಣುತ್ತದೆ. ಕೆನ್ನೆಮೂಳೆ ಮೇಲೂ ಬರಬಹುದು. ಕ್ರೀಮಿಗೆ ದುಡ್ಡು ಹಾಕುವ ಮೊದಲು ಶುಗರ್ ಟೆಸ್ಟ್ ಮಾಡಿಸಿ. ತೂಕ ಇಳಿದರೆ ನಿಧಾನಕ್ಕೆ ಬಣ್ಣವೂ ಇಳಿಯುತ್ತದೆ. ಇನ್ನೊಂದು, ಹೇರ್ ಡೈ ಹಚ್ಚುತ್ತೀರಾ? ಹಣೆಯ ಅಂಚು, ಕಿವಿ ಪಕ್ಕ ಬೂದು ಕಪ್ಪಾದರೆ ಡೈ ಅಲರ್ಜಿಯೂ ಇರಬಹುದು.

ಪ್ರಶ್ನೆ (ವಾಸ್ಕೋ): ಪಾರ್ಲರಿನಲ್ಲಿ ಲೇಸರ್ ಮಾಡಿದರೆ ಒಂದೇ ಸಲಕ್ಕೆ ಹೋಗುತ್ತದಂತೆ?

ಡಾಕ್ಟರ್: ಹೋಗುವುದಿಲ್ಲ. ನಮ್ಮ ಚರ್ಮ ಲೇಸರ್ ಕಾವಿಗೆ, ಗಡಸು ಪೀಲ್ (ಚರ್ಮದ ಮೇಲ್ಪದರ ಸುಲಿಯುವ ಔಷಧಿ) ಉರಿಗೆ ಇನ್ನೂ ಕಪ್ಪಾಗಿಬಿಡಬಹುದು. ಕ್ರೀಮಿನಿಂದ ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಬಿಸಿಲು ಬಿದ್ದರೆ ಮರಳಿ ಬರುತ್ತದೆ. ಪೂರ್ತಿ ವಾಸಿ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಎದ್ದು ಬನ್ನಿ.

ಡೊಂಬಿವಲಿಯವರು ಈ ವಾರವೇ ಚರ್ಮದ ಡಾಕ್ಟರನ್ನು ನೋಡಿ. ಖರ್ಚಿನ ಯೋಚನೆ ಇದ್ದರೆ ಮುಂಬೈನ ಕೆ.ಇ.ಎಂ. ಅಥವಾ ಸಯಾನ್ ಆಸ್ಪತ್ರೆಯಲ್ಲಿ ಚರ್ಮ ವಿಭಾಗವಿದೆ. ಹೋಗುವಾಗ ಪೌಡರ್ ಹಚ್ಚಬೇಡಿ. ಆ ಟ್ಯೂಬ್ ಮುಗಿದಿದ್ದರೂ ಚೀಲದಲ್ಲಿ ಹಾಕಿಕೊಂಡು ಹೋಗಿ.